ಹಳೆಯ ಕಾರಿನ ಥರ್ಮೋಸ್ಟಾಟ್: ಪರೀಕ್ಷಿಸಿ ಬದಲಾಯಿಸುವ ಬಗೆ

ನಮ್ಮ ಮನೆಯ ಮಾರುತಿ 800 1997ರ ಮಾದರಿ. ಕೊಂಡು ಹುಬ್ಬಳ್ಳಿಗೆ ತಂದ ಮೊದಲ ಚಳಿಗಾಲದಲ್ಲಿ ಒಂದು ಸಂಗತಿ ಬಹಳ ಕಾಡಿತು. ನವನಗರದಿಂದ ಧಾರವಾಡದವರೆಗೆ ಓಡಿಸಿದರೂ ಉಷ್ಣಾಂಶದ ಮುಳ್ಳು ಕೆಳಗಿನ ಗೆರೆಯನ್ನು ಬಿಟ್ಟು ಹೆಚ್ಚು ಮೇಲೇಳುತ್ತಿರಲಿಲ್ಲ. ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಲು ಎಳೆಯುವ ಚೋಕ್ ಗುಂಡಿಯನ್ನು ಒಳಗೆ ತಳ್ಳಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಪೆಟ್ರೋಲ್ ಲೆಕ್ಕಕ್ಕೇ ಸಿಗದಂತೆ ಖರ್ಚಾಗುತ್ತಿತ್ತು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ನೊರೆಯಂಥ ಬಿಳಿ ಪದರ ಕಟ್ಟುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿಸಿ ತೊಳೆಸಿದ್ದಾಯಿತು, ಗುಣ ಕಾಣಲಿಲ್ಲ. ಒಂದು ಭಾನುವಾರ ನಾನೇ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ಹೋಸ್ ಪೈಪಿನ ಜಾಡು ಹಿಡಿದು ಎಂಜಿನ್ ಕಡೆಗೆ ಹೋದೆ. ಪೈಪು ಕೊನೆಯಾಗುವಲ್ಲಿ ಒಂದು ಪುಟ್ಟ ಅಲ್ಯೂಮಿನಿಯಂ ಮುಚ್ಚಳ, ಅದಕ್ಕೆ ಎರಡು ಬೋಲ್ಟ್. ಬಿಚ್ಚಿ ನೋಡಿದರೆ ಥರ್ಮೋಸ್ಟಾಟ್ ಕೂರಬೇಕಾದ ಕುಳಿ ಖಾಲಿಯಾಗಿತ್ತು. ಹಿಂದೆ ಯಾರೋ ಅದನ್ನು ತೆಗೆದು ಹಾಗೆಯೇ ಮುಚ್ಚಿಬಿಟ್ಟಿದ್ದರು.

ನಮ್ಮ ಕಡೆಯ ಹಳೆಯ ಕಾರುಗಳಲ್ಲಿ ಇದು ಅಪರೂಪವಲ್ಲ. “ಸಾಹೇಬರೇ, ನಮ್ಮ ಬಿಸಿಲಿಗೆ ಈ ವಾಲ್ವ್ ಯಾಕೆ ಬೇಕು? ತೆಗೆದರೆ ಎಂಜಿನ್ ತಣ್ಣಗಿರುತ್ತದೆ” ಎಂದು ಒಬ್ಬ ಮೆಕ್ಯಾನಿಕ್ ನನಗೂ ಹೇಳಿದ್ದರು. ಅವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಆದರೆ ಆ ಮಾತು ತಪ್ಪು. ಅದು ಏಕೆ ತಪ್ಪು ಎಂಬುದು ಮನಸ್ಸಿಗೆ ಬಂದರೆ ಮುಂದಿನ ಕೆಲಸವೆಲ್ಲ ಸುಲಭ. ಹಾಗಾಗಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಈ ಬಿಡಿಭಾಗ ಮಾಡುವ ಕೆಲಸವನ್ನು ನೋಡೋಣ.

ಮೇಣದ ಗುಳಿಗೆ

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. ನಡುವೆ ಒಂದು ಲೋಹದ ಗುಳಿಗೆ ಇರುತ್ತದೆ, ಅದರೊಳಗೆ ಮೇಣ ತುಂಬಿರುತ್ತಾರೆ. ನೀರು ಕಾದಂತೆ ಮೇಣ ಕರಗಿ ಉಬ್ಬುತ್ತದೆ, ಉಬ್ಬಿದ ಮೇಣ ಒಂದು ಉಕ್ಕಿನ ಕಡ್ಡಿಯನ್ನು ಒತ್ತುತ್ತದೆ. ಆ ಕಡ್ಡಿಯ ತುದಿ ಮೇಲಿನ ಚೌಕಟ್ಟಿಗೆ ಆನಿಕೊಂಡಿರುವುದರಿಂದ ಗುಳಿಗೆಯೇ ಕೆಳಗೆ ಸರಿಯುತ್ತದೆ, ಅದರ ಜೊತೆ ಬಾಗಿಲಿನ ತಟ್ಟೆಯೂ ಇಳಿಯುತ್ತದೆ. ನೀರು ತಣ್ಣಗಾದಾಗ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ತಟ್ಟೆಯನ್ನು ಮತ್ತೆ ಮುಚ್ಚುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ. ಮೇಣ ಕರಗುವುದು, ಗಟ್ಟಿಯಾಗುವುದು, ಇಷ್ಟರಿಂದಲೇ ವರ್ಷಗಟ್ಟಲೆ ಕೆಲಸ ಮಾಡುವ ಈ ಪುಟ್ಟ ಯಂತ್ರವನ್ನು ಕಂಡರೆ ನನಗೆ ಇಂದಿಗೂ ಗೌರವ.

ಥರ್ಮೋಸ್ಟಾಟಿನ ಮೇಲೆ 82 ಅಥವಾ 88 ಎಂಬಂಥ ಅಂಕಿ ಒತ್ತಿರುತ್ತದೆ. ಅದು ಬಾಗಿಲು ತೆರೆಯಲು ಆರಂಭಿಸುವ ಉಷ್ಣಾಂಶ, ಸೆಲ್ಸಿಯಸ್‌ನಲ್ಲಿ. ಪೂರ್ತಿ ತೆರೆಯಲು ಇನ್ನೂ ಹತ್ತು ಹದಿನೈದು ಡಿಗ್ರಿ ಬೇಕು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಎಂಜಿನ್ ಎಷ್ಟಕ್ಕಿಂತ ಕಡಿಮೆ ಬಿಸಿಯಾಗಿರಬಾರದು ಎಂಬುದನ್ನು ಥರ್ಮೋಸ್ಟಾಟ್ ನಿರ್ಧರಿಸುತ್ತದೆ. ಎಷ್ಟಕ್ಕಿಂತ ಹೆಚ್ಚು ಕಾಯಬಾರದು ಎಂಬುದು ರೇಡಿಯೇಟರ್, ಫ್ಯಾನ್ ಮತ್ತು ನೀರಿನ ಪಂಪಿನ ಹೊಣೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಚೆನ್ನಾಗಿ ಕಾದಾಗ, ಸರಿಯಿರುವ ಥರ್ಮೋಸ್ಟಾಟ್ ಹೇಗೂ ಪೂರ್ತಿ ತೆರೆದೇ ಇರುತ್ತದೆ. ಆಗಲೂ ಕಾರು ಕುದಿಯುತ್ತಿದ್ದರೆ ರೋಗ ಬೇರೆಲ್ಲೋ ಇದೆ. ಥರ್ಮೋಸ್ಟಾಟ್ ಕಿತ್ತರೆ ಆ ರೋಗ ಕೆಲವು ತಿಂಗಳು ಕಣ್ಣಿಗೆ ಬೀಳದಿರಬಹುದು, ವಾಸಿಯಾಗುವುದಿಲ್ಲ.

ಕಿತ್ತದ್ದಕ್ಕೆ ದಂಡ ಮಾತ್ರ ಪ್ರತಿದಿನ ತೆರಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ಪೊರೆಯನ್ನು ತೊಳೆದುಕೊಂಡು ಕೆಳಗಿಳಿದು ಆಯಿಲ್ಲಿನೊಂದಿಗೆ ಬೆರೆಯುತ್ತದೆ. ಉರಿಯುವಾಗ ಹುಟ್ಟಿದ ನೀರಾವಿ ಹೊರಹೋಗದೆ ಒಳಗೇ ಹನಿಗಟ್ಟುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಇದು ಇನ್ನೂ ಕೆಟ್ಟದ್ದು. ನಾನು ಕಂಡ ಬಿಳಿ ನೊರೆ ಅದೇ. 2000ದ ಆಸುಪಾಸಿನ ನಂತರ ಬಂದ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ನುಗಳಲ್ಲಿ ನೀರು ತಣ್ಣಗಿದೆ ಎಂದು ಸೆನ್ಸರ್ ತಿಳಿಸುತ್ತಲೇ ಇರುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇನ್ನು ಕೆಲವು ಎಂಜಿನ್ನುಗಳ ಥರ್ಮೋಸ್ಟಾಟಿನ ಅಡಿಯಲ್ಲಿ ಎರಡನೆಯ ತಟ್ಟೆ ಇರುತ್ತದೆ. ಮೇಲಿನ ಬಾಗಿಲು ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚಬೇಕು. ಅಂಥದ್ದನ್ನು ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತಿ, ತಂಪಾಗಲೆಂದು ಮಾಡಿದ ಕೆಲಸದಿಂದಲೇ ಎಂಜಿನ್ ಕುದಿಯಬಹುದು.

ರೋಗ ಥರ್ಮೋಸ್ಟಾಟಿನದೇ?

ಬೆಳಿಗ್ಗೆ, ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಕಾರಿನ ಮೇಲೆ ಈ ಪರೀಕ್ಷೆ ಮಾಡಿ. ಸೀರೆ, ದುಪಟ್ಟಾ, ಸಡಿಲ ತೋಳು ಫ್ಯಾನಿನ ಹತ್ತಿರ ಸುಳಿಯದಿರಲಿ. ವಿದ್ಯುತ್ ಫ್ಯಾನ್ ಹೇಳದೆ ಕೇಳದೆ ತಿರುಗಲಾರಂಭಿಸುತ್ತದೆ. ಎಂಜಿನ್ ಚಾಲು ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಕೈಯಿಡಿ. ಥರ್ಮೋಸ್ಟಾಟ್ ಆರೋಗ್ಯವಾಗಿದ್ದರೆ ಮೊದಲ ಕೆಲವು ನಿಮಿಷ ಪೈಪು ಹೆಚ್ಚೂ ಕಡಿಮೆ ತಣ್ಣಗೇ ಇರುತ್ತದೆ. ಮುಳ್ಳು ನಡುವಿನ ಹತ್ತಿರ ಬಂದಾಗ ಪೈಪು ಒಮ್ಮೆಲೇ ಬಿಸಿಯಾಗುತ್ತದೆ, ಬಾಗಿಲು ತೆರೆದದ್ದು ಕೈಗೇ ತಿಳಿಯುತ್ತದೆ.

ಚಾಲು ಮಾಡಿದ ಕೂಡಲೇ ಪೈಪು ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ, ಮುಳ್ಳು ಕೆಳಗೇ ಉಳಿದರೆ, ಬಾಗಿಲು ತೆರೆದಂತೆಯೇ ಸಿಕ್ಕಿಕೊಂಡಿದೆ ಅಥವಾ ಥರ್ಮೋಸ್ಟಾಟೇ ಇಲ್ಲ. ಮುಳ್ಳು ನಡು ದಾಟಿ ಮೇಲೇರುತ್ತಿದ್ದರೂ ಪೈಪು ತಣ್ಣಗೇ ಇದ್ದರೆ ಬಾಗಿಲು ಮುಚ್ಚಿಯೇ ಉಳಿದಿದೆ. ಕೂಡಲೇ ಎಂಜಿನ್ ಬಂದ್ ಮಾಡಿ. ಮುಚ್ಚಿ ಸಿಕ್ಕಿಕೊಂಡ ಥರ್ಮೋಸ್ಟಾಟ್ ಹೆಡ್ ಗ್ಯಾಸ್ಕೆಟನ್ನು, ಎಂದರೆ ಎಂಜಿನ್ನಿನ ತಲೆಭಾಗಕ್ಕೂ ಕೆಳಗಿನ ಬ್ಲಾಕಿಗೂ ನಡುವಿನ ಪ್ಯಾಕಿಂಗನ್ನು, ಸುಡುತ್ತದೆ, ಅಲ್ಯೂಮಿನಿಯಂ ಹೆಡ್ಡನ್ನೇ ಸೊಟ್ಟಗೆ ಮಾಡುತ್ತದೆ.

ಆದರೆ ಎಲ್ಲ ಕಾವಿಗೂ ಥರ್ಮೋಸ್ಟಾಟನ್ನು ದೂರಬೇಡಿ. ಹುಬ್ಬಳ್ಳಿಯ ಸಿಗ್ನಲ್ಲುಗಳಲ್ಲಿ ನಿಂತಾಗ ಕಾದು, ಹಾವೇರಿ ಕಡೆಯ ಹೆದ್ದಾರಿಯಲ್ಲಿ ಓಡುವಾಗ ಸರಿಹೋದರೆ ಫ್ಯಾನ್ ಅಥವಾ ಅದರ ಸ್ವಿಚ್ ನೋಡಬೇಕು. ಊರೊಳಗೆ ಸರಿಯಿದ್ದು, ಅಂಕೋಲಾದಿಂದ ಬರುವಾಗ ಅರಬೈಲ್ ಘಟ್ಟದ ಏರಿನಲ್ಲಿ ಮಾತ್ರ ಮುಳ್ಳು ಏರಿದರೆ ರೇಡಿಯೇಟರಿನ ನಾಳಗಳು ಕಟ್ಟಿರುವ ಸಾಧ್ಯತೆ ಹೆಚ್ಚು, ಅರ್ಧವೇ ತೆರೆಯುವ ಥರ್ಮೋಸ್ಟಾಟೂ ಹೀಗೆ ಮಾಡಬಲ್ಲದು. ಸೋರಿಕೆ ಎಲ್ಲೂ ಕಾಣದೆ ನೀರು ಕಡಿಮೆಯಾಗುತ್ತಿದ್ದರೆ, ಆಯಿಲ್ ಅಳೆಯುವ ಕಡ್ಡಿಯ ಮೇಲೆಯೇ ಹಾಲು ಬೆರೆತ ಚಹಾದ ಬಣ್ಣ ಕಂಡರೆ, ಅದು ಹೆಡ್ ಗ್ಯಾಸ್ಕೆಟಿನ ಲಕ್ಷಣ. ಮುಚ್ಚಳದಲ್ಲಿ ಮಾತ್ರ ತೆಳುವಾದ ನೊರೆಯಿದ್ದು ಕಡ್ಡಿ ಸ್ವಚ್ಛವಾಗಿದ್ದರೆ ಅಷ್ಟು ಹೆದರಬೇಕಾಗಿಲ್ಲ.

ತಂದಿಟ್ಟುಕೊಳ್ಳಬೇಕಾದದ್ದು

ಥರ್ಮೋಸ್ಟಾಟ್ ಕೊಳ್ಳುವಾಗ ನಿಮ್ಮ ಕಾರಿನ ಮಾದರಿ, ವರ್ಷ, ಎಂಜಿನ್ ಹೇಳಿ, ಕಂಪನಿ ಸೂಚಿಸಿದ ಡಿಗ್ರಿಯದನ್ನೇ ಕೇಳಿ. ಬಿಸಿಲೂರೆಂದು ಕಡಿಮೆ ಡಿಗ್ರಿಯದನ್ನು ಹಾಕಿಸುವುದು ಅರ್ಧ ಕಿತ್ತಂತೆಯೇ. ಜೊತೆಗೆ ಹೊಸ ಪ್ಯಾಕಿಂಗ್ ತನ್ನಿ. ಕೆಲವಕ್ಕೆ ಕಾಗದದ ಪ್ಯಾಕಿಂಗ್, ಕೆಲವಕ್ಕೆ ಥರ್ಮೋಸ್ಟಾಟಿನ ಅಂಚಿಗೇ ಸಿಕ್ಕಿಸುವ ರಬ್ಬರ್ ಉಂಗುರ. ಮೇಲಿನ ಹೋಸ್ ಒತ್ತಿದರೆ ಕರಕರ ಎನ್ನುತ್ತಿದ್ದರೆ ಅಥವಾ ಬಿರುಕು ಕಂಡರೆ ಅದನ್ನೂ ಎರಡು ಹೊಸ ಕ್ಲಿಪ್ಪುಗಳನ್ನೂ ಕೊಂಡುಬಿಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಒಣಗಿದ್ದರೆ ಅದೂ ಹೊಸದಿರಲಿ. ಮುಚ್ಚಳದ ಮೇಲೆ ಬರೆದ 0.9 ಎಂಬಂಥ ಒತ್ತಡದ ಅಂಕಿ ಹಳೆಯದರಂತೆಯೇ ಇರಬೇಕು.

ಕೂಲಂಟ್ (ಎಂಜಿನ್ ತಂಪಾಗಿಡುವ ನೀರಿಗೆ ಬೆರೆಸುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಗದಗ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದು ಅಲ್ಲಿ ಬಚ್ಚಲ ಹಂಡೆ ತಿಕ್ಕಿದವರಿಗೆ ಗೊತ್ತು. ಹಂಡೆಯ ತಳದಲ್ಲಿ ಕಟ್ಟುವ ಅದೇ ಸುಣ್ಣದ ಪೊರೆ ರೇಡಿಯೇಟರಿನ ತೆಳು ನಾಳಗಳಲ್ಲೂ ಥರ್ಮೋಸ್ಟಾಟಿನ ಸ್ಪ್ರಿಂಗಿನ ಮೇಲೂ ಕಟ್ಟುತ್ತದೆ. ಮಲಪ್ರಭೆಯ ನಲ್ಲಿ ನೀರೂ ಕಾರಿಗೆ ಬೇಡ. ಸಾಂದ್ರ ಕೂಲಂಟ್ ತಂದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ಮೊದಲೇ ಬೆರೆಸಿದ್ದು ತಂದರೆ ಹಾಗೆಯೇ ಸುರಿಯಿರಿ.

ಉಪಕರಣಗಳು ಹೆಚ್ಚೇನಿಲ್ಲ. 10 ಮತ್ತು 12 ನಂಬರಿನ ಪಾನಾ, ಸ್ಕ್ರೂಡ್ರೈವರ್, ಪಕ್ಕಡ, ಅಗಲ ಬಾಯಿಯ ಪಾತ್ರೆ, ಹಳೆಯ ಬಟ್ಟೆ, ತುಕ್ಕು ಬಿಡಿಸುವ ಸ್ಪ್ರೇ.

ಒಲೆಯ ಮೇಲಿನ ಪರೀಕ್ಷೆ

ಹೊಸ ಥರ್ಮೋಸ್ಟಾಟನ್ನು ಪರೀಕ್ಷಿಸದೆ ನಾನು ಎಂದೂ ಹಾಕುವುದಿಲ್ಲ. ಅಡುಗೆಗೆ ಮತ್ತೆ ಬಳಸದ ಒಂದು ಪಾತ್ರೆ, 110 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್, ಒಂದು ಗೇಣು ದಾರ, ಇಷ್ಟು ಸಾಕು. ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ, ಅದು 42 ಡಿಗ್ರಿಗೇ ಮುಗಿಯುತ್ತದೆ.

ಹೆಬ್ಬೆರಳಿನಿಂದ ತಟ್ಟೆಯನ್ನು ಬಲವಾಗಿ ಒತ್ತಿ ಸಂದು ಮಾಡಿ, ಅಲ್ಲಿ ದಾರದ ತುದಿಯನ್ನು ತೂರಿಸಿ ಬಿಟ್ಟುಬಿಡಿ. ಬಾಗಿಲು ದಾರವನ್ನು ಕಚ್ಚಿಕೊಳ್ಳುತ್ತದೆ. ದಾರದ ಇನ್ನೊಂದು ತುದಿಯನ್ನು ಒಂದು ಸೌಟಿಗೆ ಕಟ್ಟಿ ಪಾತ್ರೆಯ ಮೇಲೆ ಅಡ್ಡ ಇಡಿ. ಥರ್ಮೋಸ್ಟಾಟ್ ನೀರಿನಲ್ಲಿ ಮುಳುಗಿ ತೂಗಾಡಬೇಕು, ತಳ ಮುಟ್ಟಬಾರದು. ಥರ್ಮಾಮೀಟರೂ ತಳಕ್ಕೆ ತಾಗದಿರಲಿ. ಒಲೆ ಸಣ್ಣಗಿಡಿ. 70 ದಾಟಿದ ಮೇಲೆ ಉರಿಯನ್ನು ಇನ್ನೂ ಇಳಿಸಿ ಕಣ್ಣು ಕೀಳದೆ ನೋಡಿ. ಗುಳಿಗೆಯ ಸುತ್ತ ಸಾಸಿವೆಯಂಥ ಗುಳ್ಳೆಗಳು ಕೂರುತ್ತವೆ. ನಾನು ಮೊದಲ ಸಲ ಮಾಡಿದಾಗ ಮುಳ್ಳು 81ರ ಮೇಲೆ ತುಸು ಹೊತ್ತು ನಿಂತಿತ್ತು, ಏನೂ ಆಗಲಿಲ್ಲ. 83 ತೋರಿಸುವಾಗ ದಾರ ಒಮ್ಮೆ ಅದುರಿತು, ಥರ್ಮೋಸ್ಟಾಟ್ ದಾರವನ್ನು ಬಿಟ್ಟು ಟಣ್ಣನೆ ತಳಕ್ಕೆ ಬಿತ್ತು. ಬಾಗಿಲು ತೆರೆದಿತ್ತು.

ಎರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಇನ್ನಷ್ಟು ಕಾಯಿಸಿದರೆ ತಟ್ಟೆ ಸುಮಾರು 8 ಮಿಲಿಮೀಟರ್ ಇಳಿಯಬೇಕು. ಇಲ್ಲಿ ನಮ್ಮ ಊರಿನವರು ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ. ಹುಬ್ಬಳ್ಳಿ–ಧಾರವಾಡ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿವೆ, ತೆರೆದ ಪಾತ್ರೆಯ ನೀರು ಇಲ್ಲಿ 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 82ರದು ಅಷ್ಟರೊಳಗೆ ಪೂರ್ತಿ ತೆರೆದೀತು. 88ರದು ಪೂರ್ತಿ ತೆರೆಯಲು ನೂರರ ಮೇಲೆ ಬೇಕಾಗಬಹುದು, ಅದು ಒಲೆಯ ಮೇಲೆ ಅರ್ಧ ತೆರೆದು ನಿಂತರೆ ಕೆಟ್ಟದ್ದೆಂದು ಅಂಗಡಿಗೆ ಹಿಂತಿರುಗಿಸಬೇಡಿ. ಕಾರಿನಲ್ಲಿ ರೇಡಿಯೇಟರ್ ಮುಚ್ಚಳದ ಒತ್ತಡ ಇರುವುದರಿಂದ ನೀರು ನೂರು ದಾಟಿದರೂ ಕುದಿಯುವುದಿಲ್ಲ. ಕೊನೆಗೆ ಒಲೆ ಆರಿಸಿ, ಅದು ಸಂದಿಲ್ಲದಂತೆ ಮುಚ್ಚಿಕೊಳ್ಳುತ್ತದೆಯೇ ನೋಡಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬಿಸಿ ಎಂಜಿನ್ನಿನಲ್ಲಿ ನೂರರ ಮೇಲಿರುವ ನೀರನ್ನು ಮುಚ್ಚಳದ ಒತ್ತಡ ಹಿಡಿದಿಟ್ಟಿರುತ್ತದೆ. ಮುಚ್ಚಳ ತೆಗೆದ ಕ್ಷಣ ಅದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆ ಕಾದೆವು ಎಂಬ ಸಮಾಧಾನ ಸಾಲದು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೈಹಚ್ಚಿ. ಬೋಲ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕಿನ ಸ್ಪ್ರೇ ಹೊಡೆದಿಡಿ.

ಸಮ ನೆಲದಲ್ಲಿ, ಸಾಧ್ಯವಾದರೆ ಮೂತಿ ತುಸು ಮೇಲಿರುವಂತೆ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ರೇಡಿಯೇಟರ್ ಮುಚ್ಚಳ ತೆಗೆದು, ಕೆಳಗೆ ಪಾತ್ರೆಯಿಟ್ಟು, ತಳದ ಡ್ರೈನ್ ಪ್ಲಗ್ ಸಡಿಲಿಸಿ ಒಂದೆರಡು ಲೀಟರ್ ಇಳಿಸಿ. ನೀರಿನ ಮಟ್ಟ ಥರ್ಮೋಸ್ಟಾಟ್ ಮುಚ್ಚಳಕ್ಕಿಂತ ಕೆಳಗೆ ಹೋದರೆ ಸಾಕು. ಪ್ಲಗ್ ಜಗ್ಗದಿದ್ದರೆ ಬಲ ಹಾಕಿ ಮುರಿಯಬೇಡಿ, ಕೆಳಗಿನ ಹೋಸ್ ಸಡಿಲಿಸಿದರೂ ನೀರು ಇಳಿಯುತ್ತದೆ. ಇಳಿಸಿದ ಕೂಲಂಟನ್ನು ಗಟಾರಕ್ಕೆ ಚೆಲ್ಲಬೇಡಿ, ತೆರೆದೂ ಇಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು, ಕರು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಡಬ್ಬಿಗೆ ತುಂಬಿ, ವಿಷ ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟು ಗ್ಯಾರೇಜಿಗೆ ಒಪ್ಪಿಸಿ.

ಮೇಲಿನ ಹೋಸಿನ ಕ್ಲಿಪ್ ಸಡಿಲಿಸಿ, ಪೈಪನ್ನು ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಂಟಿಕೊಂಡು ಬಾರದಿದ್ದರೆ ಬ್ಲೇಡಿನಿಂದ ಹೋಸನ್ನೇ ಉದ್ದಕ್ಕೆ ಸೀಳಿ. ಹೊಸ ಹೋಸಿಗಿಂತ, ಹೋಸ್ ಕೂರುವ ಕೊರಳು ಮುರಿದರೆ ದುಬಾರಿ. ಅಂದಹಾಗೆ, ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಬದಿಗಿರುತ್ತದೆ, ಕೈಪಿಡಿ ನೋಡಿಕೊಳ್ಳಿ.

ಈಗ ಆ ಎರಡು ಬೋಲ್ಟ್. ಇಡೀ ಕೆಲಸದಲ್ಲಿ ಎಚ್ಚರ ಬೇಕಾದದ್ದು ಇಲ್ಲೇ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಮೈ, ಹತ್ತಿಪ್ಪತ್ತು ವರ್ಷದ ನೀರು ಸೇರಿ ಕಚ್ಚಿಕೊಂಡಿರುತ್ತವೆ. ಪಾನಾ ಸರಿಯಾಗಿ ಕೂತಿದೆಯೇ ನೋಡಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂದರೆ ಮತ್ತೆ ಸ್ವಲ್ಪ ಒಳಗೆ, ಮತ್ತೆ ಹೊರಗೆ. ಬೋಲ್ಟ್ ರಬ್ಬರಿನಂತೆ ಬಳುಕುತ್ತಿರುವಂತೆ ಅನಿಸಿದರೆ ನಿಲ್ಲಿಸಿ, ಅದು ಮುರಿಯುವ ಮುನ್ಸೂಚನೆ. ಸ್ಪ್ರೇ ಹೊಡೆದು, ತಲೆಯ ಮೇಲೆ ಮೆಲ್ಲಗೆ ಸುತ್ತಿಗೆ ತಟ್ಟಿ, ಚಹಾ ಕುಡಿದು ಬನ್ನಿ. ಹಾಗೂ ಮುರಿದರೆ ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆ ಲೇಥ್ ಕೆಲಸ ಬಲ್ಲವರಿಗೆ ಒಪ್ಪಿಸಿ.

ಮುಚ್ಚಳ ಎತ್ತಿದ ಕೂಡಲೇ ಏನನ್ನೂ ಕದಲಿಸದೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಅದಾದ ಮೇಲೆ ಹಳೆಯದನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ತಣ್ಣಗಿದ್ದಾಗಲೂ ಸಂದಿನಲ್ಲಿ ಬೆಳಕು ಕಂಡರೆ ಅದರ ಆಯುಷ್ಯ ಮುಗಿದಿದೆ.

ಕೂರಿಸುವುದು

ರಂಧ್ರಕ್ಕೆ ಬಟ್ಟೆ ತುರುಕಿ, ಹಳೆಯ ಪ್ಯಾಕಿಂಗಿನ ಚೂರುಗಳನ್ನು ಕೆರೆದು ತೆಗೆಯಿರಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಬ್ಲೇಡನ್ನು ಮಲಗಿಸಿ ಹಿಡಿಯಿರಿ. ಒಂದು ಆಳವಾದ ಗೀರು ಸಾಕು, ಮುಂದೆ ಅಲ್ಲಿಂದಲೇ ಸೋರುತ್ತದೆ. ಕೆರೆದಾದ ಮೇಲೆ ಬಟ್ಟೆ ತೆಗೆಯಲು ಮರೆಯಬೇಡಿ.

ಮೇಣದ ಗುಳಿಗೆ ಮತ್ತು ಸ್ಪ್ರಿಂಗ್ ಎಂಜಿನ್ ಕಡೆಗಿರಬೇಕು, ಏಕೆಂದರೆ ಅದು ಅಳೆಯಬೇಕಾದದ್ದು ಎಂಜಿನ್ನಿನ ನೀರಿನ ಬಿಸಿಯನ್ನು. ತಿರುಗುಮುರುಗಾಗಿ ಹಾಕಿದರೆ ಗುಳಿಗೆ ರೇಡಿಯೇಟರಿನ ತಣ್ಣೀರಿನಲ್ಲಿ ಕೂತಿರುತ್ತದೆ, ಬಾಗಿಲು ತೆರೆಯುವ ಹೊತ್ತಿಗೆ ಎಂಜಿನ್ ಕುದಿದಿರುತ್ತದೆ. ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಭಾಗಕ್ಕೆ ಬರಲಿ, ನೀರು ತುಂಬುವಾಗ ಗಾಳಿ ಹೊರಬೀಳುವ ದಾರಿ ಅದು. ಥರ್ಮೋಸ್ಟಾಟಿನ ಅಂಚು ತನ್ನ ಕುಳಿಯಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಅಂಚು ಹೊರಗೆ ಉಳಿದಾಗ ಬೋಲ್ಟ್ ಬಿಗಿದರೆ ಮುಚ್ಚಳದ ಕಿವಿ ಪಟ್ಟನೆ ಸೀಳುತ್ತದೆ.

ಪ್ಯಾಕಿಂಗ್ ಇಟ್ಟು ಮುಚ್ಚಳ ಕೂರಿಸಿ, ಎರಡೂ ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ. ಆಮೇಲೆ ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು. ಕೊನೆಯ ಬಿಗಿತಕ್ಕೆ ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ನೀರು ತುಂಬಿ ಗಾಳಿ ಬಿಡಿಸುವುದು

ಎಷ್ಟೋ ಜನ ಸರಿಯಾಗಿ ಥರ್ಮೋಸ್ಟಾಟ್ ಹಾಕಿಯೂ ಇಲ್ಲಿ ಎಡವುತ್ತಾರೆ. ಒಳಗೆ ಗಾಳಿ ಉಳಿದರೆ ಗುಳಿಗೆಗೆ ಬಿಸಿನೀರು ತಾಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಹೊಸ ಥರ್ಮೋಸ್ಟಾಟ್ ಕೆಟ್ಟದ್ದೆಂಬ ಹೆಸರು ಹೊತ್ತು ಮತ್ತೆ ಹೊರಬರುತ್ತದೆ.

ಡ್ರೈನ್ ಪ್ಲಗ್ ಬಿಗಿದು, ಬ್ಯಾಟರಿ ತಂತಿ ಜೋಡಿಸಿ. ಕೂಲಂಟನ್ನು ಸಣ್ಣ ಧಾರೆಯಲ್ಲಿ ಸುರಿಯುತ್ತ, ನಡುನಡುವೆ ಮೇಲಿನ ಹೋಸನ್ನು ಹಿಂಡಿ. ಪ್ರತಿ ಹಿಂಡಿಗೂ ಬುಳುಬುಳು ಗುಳ್ಳೆ ಬಂದು ಮಟ್ಟ ಇಳಿಯುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿ. ಹೀಟರ್ ಇದ್ದರೆ ಅದರ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗಿಡಿ. ಎಂಜಿನ್ನಿನ ಮೇಲೆ ಗಾಳಿ ಬಿಡುವ ತಿರುಪು ಇರುವ ಕಾರುಗಳಲ್ಲಿ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿಯಿರಿ.

ರೇಡಿಯೇಟರ್ ಮುಚ್ಚಳ ಹಾಕದೆ ತಣ್ಣನೆಯ ಎಂಜಿನ್ ಚಾಲು ಮಾಡಿ, ತೂತಿನ ಮೇಲೆ ಮುಖ ಬಾಗಿಸದೆ ಪಕ್ಕದಲ್ಲಿ ನಿಂತು ನೋಡಿ. ಮೊದಲಿಗೆ ನೀರು ಹೆಚ್ಚು ಅಲುಗದೆ ನಿಂತಿರುತ್ತದೆ. ಕೆಲವು ನಿಮಿಷಗಳ ನಂತರ ಒಮ್ಮೆಲೇ ಹರಿಯತೊಡಗುತ್ತದೆ, ಮಟ್ಟ ದಡಕ್ಕನೆ ಇಳಿಯುತ್ತದೆ. ಒಲೆಯ ಮೇಲೆ ಕಂಡ ಬಾಗಿಲು ಕಾರಿನೊಳಗೂ ತೆರೆದದ್ದು ಹೀಗೆ ತಿಳಿಯುತ್ತದೆ. ಇಳಿದಷ್ಟು ಕೂಲಂಟ್ ತುಂಬಿ ಮುಚ್ಚಳ ಹಾಕಿ. ಅಷ್ಟರೊಳಗೆ ನೀರು ಉಕ್ಕತೊಡಗಿದರೆ ಬಟ್ಟೆ ಹಿಡಿದು ಮುಚ್ಚಳ ಹಾಕುವ ಸಾಹಸ ಬೇಡ, ಎಂಜಿನ್ ಬಂದ್ ಮಾಡಿ ತಣ್ಣಗಾದ ಮೇಲೆ ಮತ್ತೆ ಆರಂಭಿಸಿ. ರಿಸರ್ವ್ ಡಬ್ಬಿಯನ್ನು ಎರಡು ಗೆರೆಗಳ ನಡುವಿನವರೆಗೆ ತುಂಬಿ. ಫ್ಯಾನ್ ತಾನಾಗಿ ತಿರುಗಿ, ತಾನಾಗಿ ನಿಲ್ಲುವುದನ್ನು ಒಮ್ಮೆಯಾದರೂ ನೋಡಿ.

ಮೊದಲ ಓಟ

ಮೊದಲ ದಿನವೇ ದೂರದ ಪ್ರಯಾಣ ಬೇಡ. ನಾನು ಉಣಕಲ್, ರಾಯಾಪುರ, ಸತ್ತೂರು ದಾಟಿ ಧಾರವಾಡ ಮುಟ್ಟಿ ಹಿಂತಿರುಗಿದೆ, ಒಂದು ದಿಕ್ಕಿಗೆ ಸುಮಾರು 20 ಕಿಲೋಮೀಟರ್. ಉಣಕಲ್ ಕೆರೆ ದಾಟುವಷ್ಟರಲ್ಲೇ ಮುಳ್ಳು ನಡುವಿಗಿಂತ ತುಸು ಕೆಳಗೆ ಬಂದು ನಿಂತಿತು, ಮನೆಗೆ ಮರಳುವವರೆಗೂ ಅಲ್ಲಿಂದ ಕದಲಲಿಲ್ಲ. ಆ ಕಾರಿನಲ್ಲಿ ನಾನು ಅದನ್ನು ಕಂಡದ್ದು ಅದೇ ಮೊದಲು. ಚೋಕ್ ಒಳಗೆ ತಳ್ಳಿದ ಮೇಲೂ ಎಂಜಿನ್ ಒಂದೇ ಲಯದಲ್ಲಿ ಓಡುತ್ತಿತ್ತು. ಮುಂದಿನ ಎರಡು ವಾರಗಳಲ್ಲಿ ಆಯಿಲ್ ಮುಚ್ಚಳದ ನೊರೆಯೂ ಮಾಯವಾಯಿತು. ಆದರೂ ಪೆಟ್ರೋಲ್ ಬೆರೆತ ಆ ಹಳೆಯ ಆಯಿಲನ್ನು ಬದಲಾಯಿಸಿದೆ, ನೀವೂ ಬದಲಾಯಿಸಿ.

ಮುಳ್ಳು ನಡು ದಾಟಿ ಏರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ. ಹೆಚ್ಚಿನ ಸಲ ಅದು ಒಳಗೆ ಉಳಿದ ಗಾಳಿಯೇ ಆಗಿರುತ್ತದೆ, ತಣ್ಣಗಾದ ಮೇಲೆ ಮತ್ತೊಮ್ಮೆ ತುಂಬಿದರೆ ಸರಿಹೋಗುತ್ತದೆ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿ. ಥರ್ಮೋಸ್ಟಾಟ್ ಮುಚ್ಚಳದ ಸುತ್ತ ಒಣ ಕಾಗದ ಒತ್ತಿ ತೆಗೆಯಿರಿ, ಒದ್ದೆಯಾದರೆ ಬೋಲ್ಟುಗಳನ್ನು ಎಳ್ಳಷ್ಟು ಬಿಗಿಯಿರಿ. ಹೋಸಿನ ಕ್ಲಿಪ್ಪುಗಳನ್ನೂ ಒಮ್ಮೆ ಮುಟ್ಟಿ ನೋಡಿ. ನಾಲ್ಕೈದು ದಿನ ಹೀಗೆ ನೋಡಿದ ಮೇಲೆ ಒಂದು ಅಂಟುಪಟ್ಟಿಯ ಮೇಲೆ ಥರ್ಮೋಸ್ಟಾಟಿನ ಡಿಗ್ರಿ, ಹಾಕಿದ ದಿನಾಂಕ, ಕಿಲೋಮೀಟರ್ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಮುಂದೆ ಯಾವ ಮೆಕ್ಯಾನಿಕ್ ಬಾನೆಟ್ ಎತ್ತಿದರೂ ಅವರ ಕಣ್ಣಿಗೆ ಮೊದಲು ಅದೇ ಬೀಳಲಿ.